ಪ್ರೋಗ್ರಾಂ ನಿಂತುಹೋದಾಗ ಬಲ್ಲವರನ್ನು ಕೇಳುವುದು ಹೇಗೆ?

ಪ್ರಶ್ನೆ: ನಾನು ಭಾಲ್ಕಿ ತಾಲ್ಲೂಕಿನವಳು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕಲಬುರಗಿಯಲ್ಲಿ ಬಿ.ಸಿ.ಎ. ಮಾಡುತ್ತಿದ್ದೇನೆ. ಬೀದರ, ಯಾದಗಿರಿ, ಕಲಬುರಗಿ ಮಾರುಕಟ್ಟೆಗಳ ತೊಗರಿ ದರವನ್ನು ಒಂದು ಸಿಎಸ್‌ವಿ ಫೈಲಿನಲ್ಲಿಟ್ಟು (ಕಾಲಂಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಠ್ಯದ ಫೈಲ್), ಸರಾಸರಿ ತೆಗೆಯುವ ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ. ಮೊದಲೆರಡು ಊರುಗಳ ದರ ಮಾತ್ರ ಇದ್ದಾಗ ಅದು ಓಡುತ್ತಿತ್ತು. ಕಲಬುರಗಿಯ ದರಗಳನ್ನು ಬೇರೊಂದು ಎಕ್ಸೆಲ್ ಹಾಳೆಯಿಂದ ತಂದು ಸೇರಿಸಿದ ಮೇಲೆ ‘ಚಾರ್‌ಮ್ಯಾಪ್’ ಎಂಬ ಎರರ್ ಬಂತು. ಪರದೆಯ ಫೋಟೊ ತೆಗೆದು ಗೆಳತಿಯರಿಗೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮೂರಿನ ಅಣ್ಣನವರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಗೆಳತಿಯರಿಂದ ಉತ್ತರ ಬರಲಿಲ್ಲ. ಅಣ್ಣನವರು ಫೋಟೊ ನೋಡಿ ತಾವೇ ನಾಲ್ಕು ಸಾಲು ಟೈಪ್ ಮಾಡಿ, “ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಓಡುತ್ತಿದೆಯಲ್ಲವ್ವಾ” ಎಂದರು. ಆಮೇಲೆ ಲ್ಯಾಬಿನಲ್ಲಿ ಸೀನಿಯರ್ ಒಬ್ಬರು ಹೇಳಿದಂತೆ ಫೈಲ್ ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಇಡುವ ಪದ್ಧತಿ) ಯುಟಿಎಫ್-8 ಎಂದು ಸೇರಿಸಿದೆ. ಆ ಎರರ್ ಹೋಗಿ ಈಗ ‘ವ್ಯಾಲ್ಯೂ ಎರರ್’ ಬರುತ್ತಿದೆ. ದರದ ಮುಂದೆ ಅಂಟಿಕೊಂಡಿರುವ ಉದ್ಧರಣ ಚಿಹ್ನೆಯನ್ನು ತೆಗೆಯುವುದು ಹೇಗೆ? ಇಷ್ಟು ಸಣ್ಣ ವಿಷಯಗಳನ್ನು ಮತ್ತೆ ಮತ್ತೆ ಕೇಳಲು ಸಂಕೋಚವಾಗುತ್ತದೆ. ಬಲ್ಲವರನ್ನು ಹೇಗೆ ಕೇಳಬೇಕು ಎಂಬುದನ್ನೂ ತಿಳಿಸಿ.

ಉತ್ತರ: ವಿಷಯ ಸಣ್ಣದೆಂಬ ಕಾರಣಕ್ಕೆ ಗೆಳತಿಯರು ಉತ್ತರಿಸಲಿಲ್ಲ ಎಂದು ನೀವು ಭಾವಿಸಿದ್ದರೆ ಆ ಭಾವನೆಯನ್ನು ಮೊದಲು ಬಿಡಿ. ಈ ವೃತ್ತಿಯಲ್ಲಿ ತಲೆ ನರೆತವರೂ ಅಲ್ಪವಿರಾಮ, ಆವರಣ ಚಿಹ್ನೆ, ಫೈಲಿನ ಹೆಸರು ಇಂಥವುಗಳ ಮೇಲೆಯೇ ಇಂದಿಗೂ ಎಡವುತ್ತಾರೆ. ಉತ್ತರ ಬಾರದಿರಲು ಕಾರಣ ಬೇರೆ ಇದೆ: ನೀವು ಕಳಿಸಿದ ಫೋಟೊವನ್ನು ಇಟ್ಟುಕೊಂಡು ಅವರು ಮಾಡಬಹುದಾದ ಕೆಲಸ ಏನೂ ಇರಲಿಲ್ಲ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಒಂದು ಹಿಡಿ ತೊಗರಿಯನ್ನು ಅಂಗೈಯಲ್ಲಿ ನೋಡದೆ ಯಾರೂ ದರ ಹೇಳುವುದಿಲ್ಲ. ನಿಮ್ಮ ಪ್ರಶ್ನೆಯೊಡನೆ ಆ ಒಂದು ಹಿಡಿ ಹೋಗಿರಲಿಲ್ಲ. ನಿಮಗೆ ಬಂದ ಎರರ್ ಕೇಳಿಸಿಕೊಳ್ಳುವವರ ಕಂಪ್ಯೂಟರಿನಲ್ಲಿಯೂ ಅದೇ ರೀತಿ ಬರುವಂತೆ ಮಾಡಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ವಿನಯ, ಸಂಬೋಧನೆ, ಭಾಷೆ ಎಲ್ಲವೂ ಅದರ ನಂತರ ಬರುವ ಮಾತುಗಳು.

ನಿಮ್ಮ ಎರಡೂ ಎರರ್‌ಗಳನ್ನೇ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ, ಏಕೆಂದರೆ ಎರಡೂ ಬಹಳ ಒಳ್ಳೆಯ ಎರರ್‌ಗಳು.

ಮೊದಲನೆಯದು ಚಾರ್‌ಮ್ಯಾಪ್. ಅಣ್ಣನವರು ಸುಳ್ಳು ಹೇಳಲಿಲ್ಲ, ನೀವೂ ತಪ್ಪಾಗಿ ಹೇಳಲಿಲ್ಲ. ಕನ್ನಡದ ಪ್ರತಿಯೊಂದು ಚಿಹ್ನೆಯೂ, ಅಂದರೆ ಅಕ್ಷರ ಬೇರೆ, ಅದರ ಕೊಂಬು ಬೇರೆ, ಒತ್ತಿಗೆ ಕಾರಣವಾಗುವ ಹಲಂತ ಬೇರೆ ಎಂಬ ಲೆಕ್ಕದಲ್ಲಿ, ಯುಟಿಎಫ್-8 ಪದ್ಧತಿಯಲ್ಲಿ ಮೂರು ಮೂರು ಬೈಟ್‌ಗಳಾಗಿ ಫೈಲಿನಲ್ಲಿ ಕುಳಿತಿರುತ್ತದೆ. ಫೈಲ್ ಯಾವ ಪದ್ಧತಿಯಲ್ಲಿದೆ ಎಂದು ನಾವು ಹೇಳದಿದ್ದಾಗ ವಿಂಡೋಸ್‌ನಲ್ಲಿ ಪೈಥಾನ್ ಸಾಮಾನ್ಯವಾಗಿ 1252 ಎಂಬ ಹಳೆಯ ಪಾಶ್ಚಾತ್ಯ ಅಕ್ಷರಪಟ್ಟಿಯನ್ನು ಬಳಸಿ ಓದುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಯುಟಿಎಫ್-8 ಎಂದೇ ಓದುತ್ತದೆ. ಆ ಹಳೆಯ ಪಟ್ಟಿಯಲ್ಲಿ ಐದು ಸ್ಥಾನಗಳು ಖಾಲಿ ಇವೆ. ಕೊಂಬಿನ, ಅಂದರೆ ‘ಬು’ ಅಕ್ಷರದಲ್ಲಿರುವ ಉಕಾರದ, ಮೂರನೆಯ ಬೈಟ್ ಹೆಕ್ಸಾಡೆಸಿಮಲ್ (ಹದಿನಾರರ ಆಧಾರದ) ಎಣಿಕೆಯಲ್ಲಿ 81. ಹಲಂತದ ಮೂರನೆಯ ಬೈಟ್ 8ಡಿ. ಎರಡೂ ಆ ಖಾಲಿ ಸ್ಥಾನಗಳಿಗೇ ಬಂದು ಬೀಳುತ್ತವೆ. ‘ಬೀದರ’ ಮತ್ತು ‘ಯಾದಗಿರಿ’ ಎಂಬ ಹೆಸರುಗಳಲ್ಲಿ ಕೊಂಬೂ ಇಲ್ಲ, ಒತ್ತೂ ಇಲ್ಲ. ಆದ್ದರಿಂದ ಅವು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಸದ್ದಿಲ್ಲದೆ ಒಳಗೆ ಬಂದವು. ನೀವು ಊರಿನ ಹೆಸರನ್ನು ಪರದೆಗೆ ಮುದ್ರಿಸದೆ ಸರಾಸರಿಯನ್ನಷ್ಟೇ ಮುದ್ರಿಸುತ್ತಿದ್ದಿರಬೇಕು, ಅದಕ್ಕೇ ಗಮನಕ್ಕೆ ಬರಲಿಲ್ಲ. ‘ಕಲಬುರಗಿ’ಯಲ್ಲಿ ಒಂದು ಕೊಂಬು ಇದೆ. ಅಲ್ಲಿ ಪ್ರೋಗ್ರಾಂ ಕೈಚೆಲ್ಲಿತು. ನೀವು ‘ಭಾಲ್ಕಿ’ ಎಂದು ಬರೆದಿದ್ದರೂ ಇದೇ ಗತಿ, ಅಲ್ಲಿ ಲಕಾರಕ್ಕೆ ಹಲಂತ ಇದೆ.

ಈಗ ಫೋಟೊವನ್ನು ನೆನಪಿಸಿಕೊಳ್ಳಿ. ಇಂಥ ಎರರ್ ಬಂದಾಗ ಕೊನೆಯ ಸಾಲಿನಲ್ಲಿ ಯಾವ ಬೈಟ್ ಓದಲಾಗಲಿಲ್ಲ, ಅದು ಫೈಲಿನ ಎಷ್ಟನೆಯ ಸ್ಥಾನದಲ್ಲಿದೆ ಎಂಬುದನ್ನು ಪೈಥಾನ್ ಸ್ಪಷ್ಟವಾಗಿ ಬರೆದಿರುತ್ತದೆ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೊದಲ್ಲಿ ಸಾಮಾನ್ಯವಾಗಿ ಮೊದಲು ಕತ್ತರಿಸಿಹೋಗುವುದು ಬಲಬದಿಯ ಆ ಭಾಗವೇ. ಜೊತೆಗೆ ಫೋಟೊದಿಂದ ಯಾರೂ ಕೋಡನ್ನು ನಕಲು ಮಾಡಿ ಓಡಿಸಲಾಗುವುದಿಲ್ಲ. ಅಣ್ಣನವರು ಪಾಪ, ತಾವೇ ಟೈಪ್ ಮಾಡಬೇಕಾಯಿತು. ಅವರ ಯಂತ್ರ ಲಿನಕ್ಸ್ ಅಥವಾ ಮ್ಯಾಕ್ ಇದ್ದಿರಬೇಕು. ದರಗಳನ್ನು ಅವರು 7250 ಎಂದು ನೇರವಾಗಿ ಬರೆದಿರಬೇಕು. ಹೀಗಾಗಿ ನಿಮ್ಮ ಮೊದಲನೆಯ ತೊಂದರೆಯೂ ಅವರಿಗೆ ಕಾಣಲಿಲ್ಲ, ಆಗಲೇ ಹೊಂಚಿ ಕುಳಿತಿದ್ದ ಎರಡನೆಯದೂ ಕಾಣಲಿಲ್ಲ. “ನಾನು ವಿಂಡೋಸ್ ಬಳಸುತ್ತಿದ್ದೇನೆ, ಪೈಥಾನ್ ಇಂಥ ಆವೃತ್ತಿ, ಫೈಲಿನ ಮೂರು ಸಾಲು ಇಗೋ” ಎಂಬ ಒಂದು ವಾಕ್ಯ ಇದ್ದಿದ್ದರೆ ಅವರು ಹತ್ತು ನಿಮಿಷದೊಳಗೆ ಕಾರಣ ಹೇಳುತ್ತಿದ್ದರು.

ಲ್ಯಾಬಿನ ಸೀನಿಯರ್ ಕೊಟ್ಟ ಪರಿಹಾರ ಸರಿಯಾದದ್ದೇ. ಆದರೆ ಪರಿಹಾರದ ಸಾಲನ್ನು ಪಡೆದು ಅಲ್ಲಿಗೇ ನಿಲ್ಲಿಸಿದಿರಿ. “ಇದನ್ನು ಸೇರಿಸಿದರೆ ಏಕೆ ಸರಿಹೋಗುತ್ತದೆ, ಬೀದರ ಇದ್ದಾಗ ಏಕೆ ಎರರ್ ಬರಲಿಲ್ಲ” ಎಂದು ಅಲ್ಲಿಯೇ ಕೇಳಬಹುದಿತ್ತು. ಹಾಗೆ ಕೇಳುವುದರಿಂದ ಹಿರಿಯರಿಗೆ ಬೇಸರವಾಗುತ್ತದೆ ಎಂಬ ಅಂಜಿಕೆ ನಮ್ಮ ಭಾಗದ ವಿದ್ಯಾರ್ಥಿಗಳಲ್ಲಿ ಹೆಚ್ಚು. ನನ್ನ ಅನುಭವದಲ್ಲಿ ಬೇಸರ ಬರುವುದು ಅದೇ ಪ್ರಶ್ನೆ ಮುಂದಿನ ವಾರ ಬೇರೆ ವೇಷದಲ್ಲಿ ಬಂದಾಗ.

ಇನ್ನು ಎರಡನೆಯ ಎರರ್. ನೀವು ನನ್ನನ್ನು ಕೇಳಿದ್ದು ಉದ್ಧರಣ ಚಿಹ್ನೆಯನ್ನು ತೆಗೆಯುವ ವಿಧಾನ. ನಾನು ಆ ಪ್ರಶ್ನೆಗೆ ಮಾತ್ರ ಉತ್ತರಿಸಿದರೆ ನಿಮಗೆ ದೊಡ್ಡ ಅನ್ಯಾಯ ಮಾಡಿದಂತಾಗುತ್ತದೆ. ಎಕ್ಸೆಲ್ ಹಾಳೆಯಲ್ಲಿ ದರವನ್ನು ಸಾವಿರದ ಅಲ್ಪವಿರಾಮದೊಂದಿಗೆ 7,250 ಎಂದು ತೋರಿಸಿರುತ್ತಾರೆ. ಅದನ್ನು ಸಿಎಸ್‌ವಿಯಾಗಿ ಉಳಿಸಿದಾಗ, ಆ ಅಲ್ಪವಿರಾಮವನ್ನು ಕಾಲಂ ಬೇರ್ಪಡಿಸುವ ಅಲ್ಪವಿರಾಮವೆಂದು ಯಾರೂ ತಿಳಿಯದಿರಲೆಂದು, ಎಕ್ಸೆಲ್ ಇಡೀ ಸಂಖ್ಯೆಯನ್ನು ಉದ್ಧರಣ ಚಿಹ್ನೆಗಳ ನಡುವೆ ಇಡುತ್ತದೆ. ನೀವು ಪ್ರತಿ ಸಾಲನ್ನೂ ಸ್ಪ್ಲಿಟ್ ಬಳಸಿ ಅಲ್ಪವಿರಾಮ ಕಂಡಲ್ಲೆಲ್ಲ ತುಂಡರಿಸುತ್ತಿದ್ದೀರಿ ಎಂಬುದು ನಿಮ್ಮ ಎರರ್‌ನಿಂದಲೇ ಗೊತ್ತಾಗುತ್ತದೆ. ಸ್ಪ್ಲಿಟ್‌ಗೆ ಉದ್ಧರಣ ಚಿಹ್ನೆಯ ಮರ್ಯಾದೆ ತಿಳಿಯದು. ಅದು 7,250 ಅನ್ನು ನಡುವೆ ಕತ್ತರಿಸಿ, ಉದ್ಧರಣ ಚಿಹ್ನೆ ಹೊತ್ತ 7 ಒಂದು ಕಡೆ, 250 ಇನ್ನೊಂದು ಕಡೆ ಮಾಡಿತು. ಉದ್ಧರಣ ಚಿಹ್ನೆ ಇರುವ 7 ಪೂರ್ಣಾಂಕವಾಗಲಾರದು ಎಂದು ಪೈಥಾನ್ ದೂರಿತು. ನೀವು ಆ ಚಿಹ್ನೆಯನ್ನು ತೆಗೆಯುವ ಸಾಲು ಬರೆದಿದ್ದರೆ ದೂರು ನಿಲ್ಲುತ್ತಿತ್ತು, ಕಲಬುರಗಿಯ ತೊಗರಿ ಕ್ವಿಂಟಲಿಗೆ 7 ರೂಪಾಯಿ ಆಗುತ್ತಿತ್ತು.

ಲೆಕ್ಕ ಹಾಕಿ ನೋಡಿ. ಬೀದರದಲ್ಲಿ 7,100, ಯಾದಗಿರಿಯಲ್ಲಿ 7,200, ಕಲಬುರಗಿಯಲ್ಲಿ 7,250 ಎಂದು ಉದಾಹರಣೆಗೆ ಇಟ್ಟುಕೊಂಡರೆ ನಿಜವಾದ ಸರಾಸರಿ ಸುಮಾರು 7,183. ನಿಮ್ಮ ಪ್ರೋಗ್ರಾಂ ಯಾವ ಎರರ್ ಇಲ್ಲದೆ, ನಗುಮೊಗದಿಂದ, 4,769 ಎಂದು ಮುದ್ರಿಸುತ್ತಿತ್ತು. ಅದು ಅಸಂಬದ್ಧವಾಗಿಯೂ ಕಾಣುವುದಿಲ್ಲ, ನಾಲ್ಕಂಕಿಯ ಸಂಖ್ಯೆಯೇ. 2024-25ರಲ್ಲಿ ಕೇಂದ್ರ ಸರ್ಕಾರ ತೊಗರಿಗೆ ನಿಗದಿಪಡಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ ಎಂದು ಗೊತ್ತಿರುವವರು ಮಾತ್ರ ಹುಬ್ಬೇರಿಸುತ್ತಿದ್ದರು. ತೊಗರಿ ಬೆಳೆಯುವ ಮನೆಯ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳಿ.

ಪ್ರೋಗ್ರಾಮರುಗಳ ನಡುವೆ ಇದು ಹಳೆಯ ಅನುಭವ. ಕೇಳುವವರಿಗೆ ಒಂದು ತೊಂದರೆ ಇರುತ್ತದೆ, ಅದಕ್ಕೆ ತಾವೇ ಒಂದು ಪರಿಹಾರ ಊಹಿಸಿಕೊಂಡಿರುತ್ತಾರೆ, ಆ ಪರಿಹಾರ ಅರ್ಧದಲ್ಲಿ ಸಿಕ್ಕಿಕೊಂಡಾಗ ಮೂಲ ತೊಂದರೆಯನ್ನು ಹೇಳದೆ ಪರಿಹಾರದ ಬಗ್ಗೆ ಮಾತ್ರ ಕೇಳುತ್ತಾರೆ. ಇದನ್ನು ‘ಎಕ್ಸ್-ವೈ ಪ್ರಾಬ್ಲಮ್’ ಎಂದು ಕರೆಯುತ್ತಾರೆ. ನೀವು ಕೇಳಬೇಕಾಗಿದ್ದದ್ದು “ಸಿಎಸ್‌ವಿ ಫೈಲಿನಿಂದ ದರದ ಕಾಲಂ ಓದಿ ಸರಾಸರಿ ತೆಗೆಯಬೇಕಾಗಿದೆ” ಎಂಬ ಮೂಲ ಉದ್ದೇಶದಿಂದ ಆರಂಭಿಸಿ. ಆಗ ಬಲ್ಲವರು ಮೊದಲು ಹೇಳುವ ಮಾತೇ, ಸ್ಪ್ಲಿಟ್ ಬಿಡಿ, ಪೈಥಾನ್ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲ್ ಬಳಸಿ ಎಂಬುದು. ಅದು ಉದ್ಧರಣ ಚಿಹ್ನೆಯ ನಿಯಮವನ್ನು ಅರಿತಿದೆ, 7,250 ಅನ್ನು ಒಂದೇ ತುಂಡಾಗಿ ಕೊಡುತ್ತದೆ. ಆ ತುಂಡಿನಲ್ಲಿರುವ ಅಲ್ಪವಿರಾಮವನ್ನು ರಿಪ್ಲೇಸ್ ಬಳಸಿ ತೆಗೆದು, ನಂತರ ಅದನ್ನು ಪೂರ್ಣಾಂಕವಾಗಿಸುವ ಇಂಟ್‌ಗೆ ಕೊಟ್ಟರೆ ನಿಮ್ಮ ತೊಂದರೆ ತೀರುತ್ತದೆ. ಫೈಲನ್ನು ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಆಗಿ ಉಳಿಸಿದ್ದರೆ ಮೊದಲ ಕಾಲಂನ ಹೆಸರಿನ ಮುಂದೆ ಕಣ್ಣಿಗೆ ಕಾಣದ ಒಂದು ಗುರುತೂ ಸೇರಿರುತ್ತದೆ. ಅದನ್ನು ಬಿಟ್ಟು ಓದಲು ಎನ್‌ಕೋಡಿಂಗ್ ಜಾಗದಲ್ಲಿ ‘ಯುಟಿಎಫ್-8-ಸಿಗ್’ ಎಂದು ಬರೆಯಿರಿ.

ಹಾಗಾದರೆ ಕೇಳುವ ಮುನ್ನ ಎಷ್ಟು ಸಿದ್ಧತೆ ಮಾಡಬೇಕು? ಮೊದಲನೆಯದಾಗಿ, ಎರರ್ ಸಂದೇಶವನ್ನು ಪೂರ್ತಿ ಓದಬೇಕು. ಪೈಥಾನ್‌ನಲ್ಲಿ ಅದನ್ನು ಕೆಳಗಿನಿಂದ ಮೇಲಕ್ಕೆ ಓದುವುದು ರೂಢಿ. ಕೊನೆಯ ಸಾಲಿನಲ್ಲಿ ಏನಾಯಿತು ಎಂಬುದಿರುತ್ತದೆ, ಅದರ ಮೇಲೆ ಎಲ್ಲಾಯಿತು ಎಂಬುದು, ಸಾಲಿನ ಸಂಖ್ಯೆಯೊಡನೆ. ಸಾಲಿನ ಸಂಖ್ಯೆಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಆವರಣ ಚಿಹ್ನೆಯನ್ನು ತೆರೆದು ಮುಚ್ಚುವುದನ್ನು ಮರೆತರೆ ಹಳೆಯ ಆವೃತ್ತಿಗಳು ಅದರ ಮುಂದಿನ, ಏನೂ ತಪ್ಪಿಲ್ಲದ ಸಾಲನ್ನು ತೋರಿಸುತ್ತಿದ್ದವು. 2021ರಲ್ಲಿ ಬಂದ 3.10ನೆಯ ಆವೃತ್ತಿಯಿಂದ ಈಚೆಗೆ, ತೆರೆದ ಆವರಣವನ್ನು ಮುಚ್ಚಿಲ್ಲವೆಂದು ಅದರ ಜಾಗವನ್ನೇ ತೋರಿಸಿ ಹೇಳುತ್ತದೆ. ಕಾಲೇಜು ಲ್ಯಾಬುಗಳಲ್ಲಿ ಹಳೆಯ ಆವೃತ್ತಿ ಉಳಿದಿರುವುದು ಅಪರೂಪವಲ್ಲವಾದ್ದರಿಂದ, ಪ್ರಶ್ನೆಯಲ್ಲಿ ಆವೃತ್ತಿಯ ಸಂಖ್ಯೆ ಇರಲೇಬೇಕು.

ಎರಡನೆಯದು ಹೆಚ್ಚು ಶ್ರಮ ಬೇಡುವ ಕೆಲಸ, ಹೆಚ್ಚು ಫಲ ಕೊಡುವುದೂ ಅದೇ: ಪ್ರೋಗ್ರಾಮನ್ನು ಕಿರಿದುಗೊಳಿಸುವುದು. ಮೂಲ ಫೈಲನ್ನು ಹಾಗೆಯೇ ಇಟ್ಟು, ಅದರ ಒಂದು ನಕಲಿನಲ್ಲಿ ಅರ್ಧ ಸಾಲುಗಳನ್ನು ಅಳಿಸಿ ಓಡಿಸಿ. ಎರರ್ ಉಳಿದರೆ ಉಳಿದ ಅರ್ಧದಲ್ಲಿ ಮತ್ತೆ ಅರ್ಧ ಅಳಿಸಿ. ಹೋದರೆ ಅಳಿಸಿದ ಭಾಗದಲ್ಲಿ ಹುಡುಕಿ. ಸಾವಿರ ಸಾಲಿನ ಫೈಲಾದರೂ ಹತ್ತು ಸಲ ಹೀಗೆ ಮಾಡಿದರೆ ಒಂದೇ ಸಾಲಿಗೆ ಇಳಿಯುತ್ತದೆ. ಕೋಡಿನಲ್ಲಿಯೂ ಅಷ್ಟೇ, ಮೆನು ತೋರಿಸುವ ಭಾಗ, ಸರಾಸರಿಯನ್ನು ಅಂದವಾಗಿ ಮುದ್ರಿಸುವ ಭಾಗ ಎಲ್ಲವನ್ನೂ ತೆಗೆದುಹಾಕಿ. ನಿಮ್ಮ ಪ್ರಕರಣದಲ್ಲಿ ಕೊನೆಗೆ ಉಳಿಯುವುದು ಕಲಬುರಗಿಯ ಒಂದು ಸಾಲು ಮತ್ತು ಅದನ್ನು ತುಂಡರಿಸಿ ಸಂಖ್ಯೆಯಾಗಿಸುವ ಮೂರು ಸಾಲು ಕೋಡ್. ಅಷ್ಟಾದ ಮೇಲೆ ಆ ತುಂಡನ್ನೇ ಪರದೆಗೆ ಮುದ್ರಿಸಿದರೆ ಉದ್ಧರಣ ಚಿಹ್ನೆ ಹೊತ್ತ 7 ಎದುರಿಗೆ ನಿಲ್ಲುತ್ತದೆ, ಉಳಿದ 250 ಎಲ್ಲಿ ಹೋಯಿತು ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಬಹಳಷ್ಟು ಸಲ ಈ ಹಂತದಲ್ಲಿಯೇ ಉತ್ತರ ಹೊಳೆದು, ಯಾರನ್ನೂ ಕೇಳುವ ಅಗತ್ಯ ಬೀಳುವುದಿಲ್ಲ. ಮೇಜಿನ ಮೇಲೆ ರಬ್ಬರ್ ಬಾತುಕೋಳಿಯನ್ನಿಟ್ಟು ಅದಕ್ಕೇ ಕೋಡನ್ನು ಸಾಲುಸಾಲಾಗಿ ವಿವರಿಸುವ ಪದ್ಧತಿ ಪ್ರೋಗ್ರಾಮರುಗಳಲ್ಲಿ ಪ್ರಸಿದ್ಧವಾಗಿರುವುದು ತಮಾಷೆಗಲ್ಲ.

ಹೀಗೆ ಸ್ವತಃ ಹೆಣಗುವುದಕ್ಕೂ ಒಂದು ಮಿತಿ ಇರಲಿ. ಹೊಸದಾಗಿ ಕಲಿಯುವವರು ಒಂದೇ ಎರರ್ ಮುಂದೆ ಅರ್ಧ ಗಂಟೆ ಕುಳಿತೂ ಹೊಸ ಸುಳಿವು ಸಿಗದಿದ್ದರೆ ಕೇಳುವುದೇ ವಿವೇಕ ಎಂದು ನನ್ನ ಅಭಿಪ್ರಾಯ. ಎರಡು ದಿನ ಮೌನವಾಗಿ ನರಳುವುದು ಸ್ವಾವಲಂಬನೆಯಲ್ಲ.

ನೀವು ಅಣ್ಣನವರಿಗೆ ಬರೆಯಬಹುದಾಗಿದ್ದ ಸಂದೇಶ ಸುಮಾರಾಗಿ ಹೀಗಿರಬಹುದು: “ಅಣ್ಣಾ, ನಮಸ್ಕಾರ. ಬಿಡುವಾದಾಗ ನೋಡಿರಿ, ಅವಸರವಿಲ್ಲ. ಸಿಎಸ್‌ವಿ ಫೈಲಿನ ಮೂರನೆಯ ಕಾಲಂನಲ್ಲಿರುವ ತೊಗರಿ ದರಗಳ ಸರಾಸರಿ ತೆಗೆಯಬೇಕಾಗಿದೆ. ವಿಂಡೋಸ್ 11, ಪೈಥಾನ್ 3.12. ಬೀದರ, ಯಾದಗಿರಿ ಸಾಲುಗಳಿದ್ದಾಗ ಸರಿಯಾಗಿ ಬರುತ್ತದೆ. ಕೆಳಗಿನ ಕಲಬುರಗಿಯ ಸಾಲು ಸೇರಿಸಿದರೆ ವ್ಯಾಲ್ಯೂ ಎರರ್ ಬರುತ್ತದೆ. 7250 ಬರಬೇಕಾದಲ್ಲಿ ಉದ್ಧರಣ ಚಿಹ್ನೆಯೊಡನೆ 7 ಮಾತ್ರ ಬರುತ್ತಿದೆ. ಚಿಹ್ನೆ ತೆಗೆದು ನೋಡಿದೆ, ಎರರ್ ಹೋಯಿತು, ಆದರೆ ಸರಾಸರಿ ತಪ್ಪಾಯಿತು. ಕೋಡ್, ಫೈಲಿನ ಮೂರು ಸಾಲು, ಪೂರ್ತಿ ಎರರ್ ಎಲ್ಲವನ್ನೂ ಪಠ್ಯವಾಗಿಯೇ ಕೆಳಗೆ ಹಾಕಿದ್ದೇನೆ. ಸಾಲನ್ನು ನಾನು ತುಂಡರಿಸುತ್ತಿರುವ ರೀತಿಯೇ ತಪ್ಪೇ?” ಇದರಲ್ಲಿ ಏನು ಬೇಕು, ಏನು ಬಂತು, ಏನು ಮಾಡಿ ನೋಡಿದೆ ಎಂಬುದೆಲ್ಲ ಇದೆ. “ಅಣ್ಣಾ, ಒಂದು ಡೌಟ್ ಇದೆ” ಎಂದು ಬರೆದು ಉತ್ತರಕ್ಕಾಗಿ ಕಾಯುವ ಪದ್ಧತಿಯನ್ನು ದಯವಿಟ್ಟು ಬಿಡಿ. ಡೌಟ್ ಏನೆಂದು ತಿಳಿಯದವರು “ಹೇಳವ್ವಾ” ಎನ್ನಲು ಸಹ ಹಿಂಜರಿಯುತ್ತಾರೆ. ವಾಯ್ಸ್ ಮೆಸೇಜ್ ಕೂಡ ಬೇಡ, ಎರರ್ ಸಂದೇಶವನ್ನು ಬಾಯಲ್ಲಿ ಹೇಳಿದರೆ ಅದರಲ್ಲಿನ ಚಿಹ್ನೆಗಳೆಲ್ಲ ಸೋರಿಹೋಗುತ್ತವೆ. ಕೋಡನ್ನು ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸುವಾಗ ನಕ್ಷತ್ರ ಚಿಹ್ನೆ, ಅಡಿಗೆರೆಗಳನ್ನು ಅದು ದಪ್ಪಕ್ಷರ, ಓರೆಯಕ್ಷರಗಳ ಗುರುತೆಂದು ತಿಳಿದು ಮರೆಮಾಡುವುದುಂಟು. ಆದ್ದರಿಂದ ಪ್ರೋಗ್ರಾಂ ಫೈಲನ್ನೇ ಡಾಕ್ಯುಮೆಂಟ್ ಆಗಿ ಲಗತ್ತಿಸುವುದು ಉತ್ತಮ.

ಕನ್ನಡ ಮಾಧ್ಯಮದ ಬಗ್ಗೆ ನೀವು ಬರೆದಿರುವುದರಿಂದ ಒಂದು ಮಾತು. ನಮ್ಮೂರಿನ ಅಣ್ಣನಿಗೆ, ಸಹಪಾಠಿಗೆ, ಲ್ಯಾಬಿನ ಮೇಡಂಗೆ ಕನ್ನಡದಲ್ಲಿಯೇ ಕೇಳಿ. ಅರೆಬರೆ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗಿಂತ ಪೂರ್ಣ ವಾಕ್ಯಗಳ ಕನ್ನಡದ ಪ್ರಶ್ನೆ ಎಷ್ಟೋ ಸ್ಪಷ್ಟವಾಗಿರುತ್ತದೆ. ಆದರೆ ಎರರ್ ಸಂದೇಶವನ್ನು ಮಾತ್ರ ಕನ್ನಡಕ್ಕೆ ತಿರುಗಿಸಬೇಡಿ, ಒಂದು ಅಕ್ಷರವನ್ನೂ ಬದಲಿಸದೆ ಅದು ಬಂದಂತೆಯೇ ಅಂಟಿಸಿ. ಕನ್ನಡ ಬಾರದವರನ್ನು ಕೇಳಬೇಕಾದಾಗ ಮೂರು ನಾಲ್ಕು ಪದಗಳ ಸರಳ ಇಂಗ್ಲಿಷ್ ವಾಕ್ಯಗಳು ಸಾಕು. ಕಿರಿದುಗೊಳಿಸಿದ ಕೋಡ್ ಜೊತೆಗಿದ್ದರೆ ವ್ಯಾಕರಣದ ತಪ್ಪನ್ನು ಯಾರೂ ಎಣಿಸುವುದಿಲ್ಲ.

ಫೈಲ್ ಕಳಿಸುವಾಗ ಒಂದು ಎಚ್ಚರ. ನೀವು ಮುಂದೆ ಯಾವುದಾದರೂ ಅಡತಿ ಅಂಗಡಿಗೋ ಸಹಕಾರ ಸಂಘಕ್ಕೋ ಪ್ರೋಗ್ರಾಂ ಬರೆದುಕೊಟ್ಟರೆ ಅದರ ಫೈಲಿನಲ್ಲಿ ರೈತರ ಹೆಸರು, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಇರುತ್ತವೆ. ಸಹಾಯ ಕೇಳುವ ನೆಪದಲ್ಲಿ ಅವು ಹೊರಗೆ ಹೋಗಬಾರದು. ಎರರ್ ತರುವ ಸಾಲಿನ ಆಕಾರವನ್ನು ಉಳಿಸಿಕೊಂಡು ವಿವರಗಳನ್ನು ಕಲ್ಪಿತವಾಗಿ ಬದಲಿಸಿ. ಕೋಡಿನಲ್ಲಿರುವ ಪಾಸ್‌ವರ್ಡ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಚಾಟ್‌ಜಿಪಿಟಿಯಂಥ ಸಾಧನಗಳಿರುವಾಗ ಮನುಷ್ಯರನ್ನು ಕೇಳುವುದೇಕೆ ಎಂದು ನಿಮ್ಮ ಗೆಳತಿಯರು ಹೇಳಬಹುದು. ಬಳಸಿ, ತಪ್ಪಿಲ್ಲ. ಎರರ್ ಸಂದೇಶದ ಅರ್ಥವನ್ನು ವಿವರಿಸಿಕೊಳ್ಳಲು ಅವು ಚೆನ್ನಾಗಿ ನೆರವಾಗುತ್ತವೆ. ಆದರೆ ಉದ್ಧರಣ ಚಿಹ್ನೆ ತೆಗೆಯುವುದು ಹೇಗೆ ಎಂದಷ್ಟೇ ಕೇಳಿದರೆ ಅವೂ ಬಹುಶಃ ಅದಕ್ಕೇ ಉತ್ತರ ಕೊಟ್ಟು, ನಿಮ್ಮನ್ನು 4,769ರ ಬಳಿ ಬಿಟ್ಟುಹೋದಾವು. ಪ್ರಶ್ನೆ ಕಟ್ಟುವ ಕಷ್ಟ ಅಲ್ಲಿಯೂ ತಪ್ಪಿದ್ದಲ್ಲ. ಅಂಕಗಳಿಗಾಗಿ ಕೊಟ್ಟ ಅಸೈನ್‌ಮೆಂಟ್ ಆಗಿದ್ದರೆ ಅದನ್ನು ಮೊದಲೇ ಹೇಳಿ, ಪೂರ್ತಿ ಕೋಡ್ ಬೇಡ, ಎಲ್ಲಿ ನೋಡಬೇಕು ಎಂದು ತಿಳಿಸಿದರೆ ಸಾಕು ಎನ್ನಿ. ಹಾಗೆ ಕೇಳಿದವರಿಗೆ ಹೆಚ್ಚು ಹೊತ್ತು ಕೊಡಲು ನನ್ನಂಥವರಿಗೆ ಸಂತೋಷವೇ ಆಗುತ್ತದೆ.

ಈಗ ಮಾಡಬೇಕಾದದ್ದು ಇಷ್ಟು. ಸಿಎಸ್‌ವಿ ಮಾಡ್ಯೂಲ್ ಬಳಸಿ ಪ್ರೋಗ್ರಾಮನ್ನು ತಿದ್ದಿ, ಮೂರೇ ಸಾಲಿನ ಫೈಲಿನಲ್ಲಿ ಓಡಿಸಿ, ಬಂದ ಸರಾಸರಿಯನ್ನು ಕೈಲೆಕ್ಕದೊಡನೆ ಹೋಲಿಸಿ. ಸರಿಯಾದ ಮೇಲೆ ಅಣ್ಣನವರಿಗೂ ಲ್ಯಾಬಿನ ಸೀನಿಯರ್‌ಗೂ ಕಾರಣ ಏನೆಂದು ಎರಡು ಸಾಲು ಬರೆದು ತಿಳಿಸಿ. ಅವರ ಯಂತ್ರದಲ್ಲಿ ಓಡಿದ್ದು ನಿಮ್ಮಲ್ಲಿ ಏಕೆ ಓಡಲಿಲ್ಲ ಎಂಬುದು ಅಣ್ಣನವರಿಗೆ ಇನ್ನೂ ಗೊತ್ತಿರಲಾರದು. ಗೆಳತಿಯರಿಗೂ ಅದನ್ನೇ ಕಳಿಸಿ; ಅವರಲ್ಲಿ ಯಾರಾದರೂ ತಮ್ಮ ಫೈಲಿನಲ್ಲಿ ಶಹಾಪುರ, ಸುರಪುರ, ಚಿತ್ತಾಪುರ ಎಂದು ಕನ್ನಡದಲ್ಲಿ ಬರೆದು ಎನ್‌ಕೋಡಿಂಗ್ ಹೇಳದೆ ವಿಂಡೋಸ್‌ನಲ್ಲಿ ತೆರೆದರೆ ಇದೇ ಚಾರ್‌ಮ್ಯಾಪ್ ಎರರ್ ಅವರಿಗೂ ಬರುತ್ತದೆ.